ಎರಡೂವರೆ ಗಂಟೆ

ಟಾರ್ಟು ಊರಿನ ಫೆಬ್ರವರಿ. ರಾತ್ರಿಪಾಳಿ.
ತಾಯಿಹೊಳೆ ಎಂದು ಹೆಸರಾದ ಎಮಾಯೊಗಿ
ಹೆಪ್ಪುಗಟ್ಟಿ ಮಲಗಿದೆ; ಕೆಳಗೆ ನೀರಿದೆ
ಎಂಬುದನ್ನು ನಂಬಿಕೊಳ್ಳಬೇಕು.

ವಾರ್ಡಿನಿಂದ ಬಂದ ರಕ್ತದ ಸೀಸೆ ಯಂತ್ರದೊಳಗಿಂದ ಕೂಗಿತು.
ಊಕು ಪಿಹ್ಲಕ್, ಎಪ್ಪತ್ತೊಂದು, ದೋಣಿ ರಿಪೇರಿಯವ.
ಕರುಳು ಕೊಯ್ದು ಹೊಲಿದು ಹನ್ನೊಂದು ದಿನ,
ಕತ್ತಿನ ಬುಡದಲ್ಲಿ ಒಂದು ನಳಿಗೆ, ಅದರೊಳಗೇ ಊಟ,
ಮೂರನೆಯ ಬಗೆಯ ಆಂಟಿಬಯೋಟಿಕ್.
ಜ್ವರ ಮಾತ್ರ ಕೂತಲ್ಲೇ ಕೂತಿದೆ.

ಗಾಜಿನ ಮೇಲೆ ಬಳಿದು, ಬಣ್ಣ ಹಾಕಿ, ಬಗ್ಗಿದೆ.
ನೇರಳೆ ಬಣ್ಣದ ಮೊಟ್ಟೆಗಳು.
ಒಂದರ ಹೆಗಲಿನಲ್ಲಿ ಇನ್ನೊಂದು ಮರಿ.
ಅರೆ, ನೀವಾ? ಎಂದಿತು ಬಾಯಿ, ನೆಂಟರನ್ನು
ಪೊಲೀಸ್ ಠಾಣೆಯಲ್ಲಿ ಕಂಡ ಹಾಗೆ.

ನಿಮ್ಮ ದಾಯಾದಿಗಳು ಎರ್ನಾ ಅಜ್ಜಿಯ ಮರದ ತೊಟ್ಟಿಯಲ್ಲಿದ್ದರು,
ರೈ ಹಿಟ್ಟಿನ ಹುಳಿಯಲ್ಲಿ.
ಆ ತೊಟ್ಟಿಯನ್ನು ಆಕೆ ಜನ್ಮದಲ್ಲಿ ತೊಳೆದವಳಲ್ಲ:
ಕೆರೆದು, ಉಪ್ಪುದುರಿಸಿ, ನಾರುಬಟ್ಟೆ ಮುಚ್ಚಿ
ಒಲೆಯ ಹಿಂದೆ ಸರಿಸುವಳು. ರಾತ್ರಿಯೆಲ್ಲ
ಅಲ್ಲಿ ಗುಸುಗುಸು, ಗುಳುಗುಳು.

ಸೋದರಮಾವನ ಹೊಸ ಹೆಂಡತಿ ಒಮ್ಮೆ, ಒಳ್ಳೆಯ ಮನಸ್ಸಿನಿಂದಲೇ,
ಕುದಿನೀರು, ಸೋಪು, ಬ್ರಷ್ಷು ಹಿಡಿದು ಉಜ್ಜಿದಳು.
ತೊಟ್ಟಿ ಹೊಳೆಯಿತು. ಮೂರನೆಯ ದಿನ ಹಿಟ್ಟಿನ ಮೇಲೆ
ಗುಲಾಬಿ ನೊರೆ, ಹಳೆ ಕಾಲುಚೀಲದ ನಾತ.
ಅಜ್ಜಿ ಬೈಯಲಿಲ್ಲ. ಇಷ್ಟೇ ಅಂದಳು:
ಖಾಲಿ ಮಾಡಿದ ಮನೆಗೆ ಮೊದಲು ಬಂದವನೇ ಯಜಮಾನ.

ಈಗ ಪರೀಕ್ಷೆ. ಸೀರಮ್ಮಿನಲ್ಲಿ ಒಂದು ಚುಕ್ಕೆ,
ಮೂವತ್ತೇಳು ಡಿಗ್ರಿ, ಎಂದರೆ ನನ್ನದೇ ಮೈಯ ಬಿಸಿ,
ಎರಡೂವರೆ ಗಂಟೆ.

ಕಾಯುವಾಗ ಕೈಗೆ ಕೆಲಸವಿಲ್ಲ; ತಲೆಗೆ ಇದೆ.
ತೊಟ್ಟಿಲಲ್ಲೇ ಅವನ ಬಾಯಿಗೆ ಸೇರಿದ್ದಿರಬೇಕು ನೀವು.
ಎಪ್ಪತ್ತು ವರ್ಷ ಗಲಾಟೆ ಮಾಡದ ಬಿಡಾರ.
ಅವನ ಹೊಗೆ ಹಾಕಿದ ಮೀನು, ಅವನ ಬಿಯರು, ಅವನ ಸಿಟ್ಟು
ಎಲ್ಲ ಕತ್ತಲಲ್ಲೇ ಹಂಚಿಕೊಂಡು,
ಕೋಟಿ ಬ್ಯಾಕ್ಟೀರಿಯಾಗಳ ಮೊಣಕೈಗಳ ನಡುವೆ
ಸಿಕ್ಕಷ್ಟು ಜಾಗದಲ್ಲಿ ಮುದುಡಿಕೊಂಡು.
ಬೇಲಿಯೇ ಎದ್ದು ಹೊಲ ಮೇಯಿತು ಎನ್ನಲಾರೆ.
ಬೇಲಿ ಕಿತ್ತವರು ನಾವು, ಅವನನ್ನು ಉಳಿಸಲೆಂದೇ:
ಗೋಡೆಗೆ ಚಾಕು, ಚರ್ಮಕ್ಕೆ ಬಾಗಿಲು,
ನೆರೆಹೊರೆಗೆ ವಿಷ. ಯಾವುದೂ ತಪ್ಪಲ್ಲ.
ಮಾಡದಿದ್ದರೆ ಜನವರಿ ದಾಟುತ್ತಿರಲಿಲ್ಲ.

ಲ್ಯಾಟಿನ್ನಿನಲ್ಲಿ ನಿಮ್ಮನ್ನು ಎರಡು ಸಲ ಬಿಳಿ ಎಂದು ಕರೆದರು.
ಹೊರಗೆ ಮೂರನೆಯ ಬಿಳಿ ಬೀಳುತ್ತಿದೆ.

ನಾಲ್ಕು ಗಂಟೆ ಹತ್ತು ನಿಮಿಷ. ಮತ್ತೆ ಬಗ್ಗಿದೆ.
ಮೊಟ್ಟೆಗಳಿಗೆ ಬಾಲ ಬಂದಿದೆ.
ಬುಡದಲ್ಲಿ ಸೊಂಟವಿಲ್ಲದ ನೇರ ಕೊಳವೆ,
ಆಲೂಗಡ್ಡೆಯ ಕಣ್ಣಿನಿಂದ ಮೊಳಕೆ ಹೊರಟಂತೆ
ಬೆರಳು. ಹುಡುಕುವ ಬೆರಳು.
ಹಿಟ್ಟು ಉಬ್ಬಿಸುವವರ ಜಾಯಮಾನವಲ್ಲ ಇದು;
ನೂಲಾಗಿ ಹೊಲಿಗೆಯ ಸಂದಿಗೇ ನುಗ್ಗುವಂಥದು.

ಫೋನು ಮಾಡಿದೆ. ಡಾಕ್ಟರ್ ಕಾಸಿಕ್ ನಿದ್ದೆಯ ದನಿಯಲ್ಲೇ
ನಳಿಗೆ ತೆಗೆಸುತ್ತೇನೆ ಅಂದರು, ಬೇರೊಂದು ಮದ್ದಿನ ಹೆಸರು ಹೇಳಿದರು.
ನೋಡೋಣ, ಅಂದರು.

ಬೆಳಿಗ್ಗೆ ಲಿಫ್ಟಿನ ಮುಂದೆ ಅವನ ಹೆಂಡತಿ ವೈಕೆ.
ಯಾರೋ ಅವಳಿಗೆ ಯೀಸ್ಟ್ ಎಂಬ ಒಂದು ಪದ ಮಾತ್ರ ಹೇಳಿದ್ದಾರೆ.
ನನ್ನ ಕೋಟು ನೋಡಿ ತಡೆದಳು.
ಎದೆಗವಚಿದ ಪೊಟ್ಟಣದಲ್ಲಿ ಕರಿ ರೊಟ್ಟಿ, ಇನ್ನೂ ಬೆಚ್ಚಗೆ.
"ಭಾನುವಾರ ಒಂದು ಚೂರು ಬಾಯಿಗಿಟ್ಟಿದ್ದೆ," ಅಂದಳು,
"ನನ್ನ ರೊಟ್ಟಿಯಿಂದಲೇ ಆಯಿತೇ?"

ಅಲ್ಲ, ಅಂದೆ. ಬೆಂದ ರೊಟ್ಟಿಯಲ್ಲಿ ಹುಳಿ ಸತ್ತಿರುತ್ತದೆ, ಅಂದೆ.
ಇದು ಬೇರೆ ಜಾತಿ, ಅವನ ಜೊತೆಗೇ ಇದ್ದದ್ದು,
ನಿಮ್ಮಲ್ಲೂ ಇರಬಹುದು, ನನ್ನಲ್ಲೂ, ಅಂದೆ.
ನಂಬಲಿಲ್ಲ. ಪೊಟ್ಟಣವನ್ನು ಕಸದ ಡಬ್ಬಿಯತ್ತ ಚಾಚಿದಳು.

ಕೈಯೊಡ್ಡಿ ಇಸಿದುಕೊಂಡೆ. ಅಲ್ಲೇ, ಅವಳೆದುರಿಗೇ,
ತುದಿ ಮುರಿದು ಬಾಯಿಗೆ ಹಾಕಿಕೊಂಡು
ಅವಳು ನೋಡುತ್ತಿರುವಷ್ಟು ಹೊತ್ತೂ
ಅಗಿಯುತ್ತ ನಿಂತೆ.